ಒಂದೇ ಬಟನ್ನಿಗೆ ನಾಲ್ಕು ಹೆಸರು

ಹೋದ ಭಾನುವಾರ ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಚೀಲದಿಂದ ಪುಟ್ಟದೊಂದು ಬಾಟಲಿ ತೆಗೆದು, ತಲೆನೋವಿನ ಬಾಮನ್ನು ಬೆರಳ ತುದಿಗೆ ಹಚ್ಚಿಕೊಂಡು ಹಣೆಗೆ ತಿಕ್ಕಿಕೊಂಡರು. ಘಾಟು ಮೂಗಿಗೆ ಅಡರಿತು. ಕಿಟಕಿ ಸರಿಸಿ ಮುಖವನ್ನು ಗಾಳಿಗೆ ಹಿಡಿದೆ. ಆದರೂ ಆ ವಾಸನೆ ಹೋಗಲಿಲ್ಲ. ನಮ್ಮ ಮೇಷ್ಟ್ರು ಪಕ್ಕದಲ್ಲಿ ಬಂದು ಕೂತ ಹಾಗಾಯಿತು...

ಕಂಪ್ಯೂಟರಿನ ಪರದೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ ಸಾಕು, ಅವರಿಗೆ ತಲೆನೋವು ಶುರುವಾಗುತ್ತಿತ್ತು. ಅಂಗಿಯ ಜೇಬಿನಲ್ಲಿ ಪೆನ್ನಿನ ಜೊತೆ ಬಾಮಿನ ಡಬ್ಬಿಯೂ ಇರುತ್ತಿತ್ತು. ಎರಡು ಹುಬ್ಬಿನ ಮೇಲೆ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಆಮೇಲೆ ನಿಧಾನವಾಗಿ ಕಣ್ಣು ತೆರೆದು, "ಹೂಂ, ಎಲ್ಲಿದ್ವಿ?" ಅನ್ನುತ್ತಿದ್ದರು. ನಮ್ಮ ಆಫೀಸಿನ ಆ ಮೂಲೆಗೆ ಯಾವಾಗಲೂ ಅದೇ ವಾಸನೆ.

ಅವರು ಹರಿಹರದ ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದವರು. ನನ್ನ ಅಪ್ಪ ಅದೇ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಮೇಷ್ಟ್ರು ಗೋಧಿ ಬೀಸಿಸಲು ಬಂದಾಗ ಹಿಟ್ಟಿನ ಧೂಳಿನ ನಡುವೆಯೇ ನಿಂತು ನನ್ನ ಪ್ರಬಂಧದ ವಿಚಾರ ಅಪ್ಪನ ಹತ್ತಿರ ಮಾತಾಡುತ್ತಿದ್ದರು. ಮಾತಾಡುವಾಗ ನಮ್ಮ ಹಾಗೆಯೇ ಐತೆ, ಬ್ಯಾಡ ಅನ್ನುವವರು, ಕೈಯಲ್ಲಿ ಪೆನ್ನು ಹಿಡಿದರೆ ಬೇರೆ ಮನುಷ್ಯರಾಗುತ್ತಿದ್ದರು. ಒಂದು ಪುಟದಲ್ಲಿ ಒಂದೇ ಪದ ಎರಡು ಸಲ ಬಂದರೆ ಅವರು ಸಹಿಸುತ್ತಿರಲಿಲ್ಲ. ಎರಡನೆಯದರ ಕೆಳಗೆ ಕೆಂಪು ಗೆರೆ ಬೀಳುತ್ತಿತ್ತು. 'ಸುಂದರ' ಒಮ್ಮೆ ಬಂದಿದ್ದರೆ ಮುಂದೆ 'ಚೆಲುವಾದ' ಬರಬೇಕು, ಅದರ ಮುಂದೆ 'ಸೊಗಸಾದ'. "ಇಷ್ಟು ದೊಡ್ಡ ಭಾಷೆ ಐತೆ, ಯಾಕ ಒಂದೇ ಮೂಲ್ಯಾಗ ಕೂಡ್ತೀರಿ?" ಎಂದು ಕೇಳುತ್ತಿದ್ದರು. ನಾನು ಕನ್ನಡದಲ್ಲಿ ಎಂ.ಎ. ಮಾಡಿದ್ದು ಅವರಿಂದಲೇ. ಆ ಮಾತನ್ನು ಅವರಿಗೆ ಯಾವತ್ತೂ ನೇರವಾಗಿ ಹೇಳಿರಲಿಲ್ಲ.

ಓದು ಮುಗಿದ ಮೇಲೆ ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಸಣ್ಣ ಕಂಪನಿಗೆ ಸೇರಿದೆ. ಕೆಳಗೆ ಬಟ್ಟೆ ಅಂಗಡಿ, ಮೇಲೆ ನಾವು. ನರ್ಸಿಂಗ್ ಹೋಮುಗಳಿಗೆ ಬೇಕಾದ ಸಾಫ್ಟ್‌ವೇರ್ ಅಲ್ಲಿ ತಯಾರಾಗುತ್ತಿತ್ತು. ರೋಗಿಗಳ ಹೆಸರು ಬರೆದುಕೊಳ್ಳುವುದು, ಟೋಕನ್ ಕೊಡುವುದು, ಡಾಕ್ಟರ ಕೋಣೆಗೆ ಸರದಿಯಂತೆ ಕಳಿಸುವುದು... ಇಂಥ ಕೆಲಸ. ಪರದೆಯ ಮೇಲಿನ ಬಟನ್ನುಗಳನ್ನೆಲ್ಲ ಕನ್ನಡದಲ್ಲೇ ಇಟ್ಟಿದ್ದೆವು. ಅದನ್ನು ಬಳಸುವುದು ಹೇಗೆಂದು ತಿಳಿಸುವ ಒಂದು ಕನ್ನಡ ಪುಸ್ತಕವೂ ಬೇಕಾಯಿತು. ಆ ಪುಸ್ತಕದ ಹೊಣೆ ನನಗೆ ಬಂತು. ಒಬ್ಬಳಿಂದ ಆಗದು, ಒಳ್ಳೆಯ ಕನ್ನಡ ಬಲ್ಲವರು ಒಬ್ಬರು ಬೇಕು ಎಂದಾಗ ಹಿಂದೆ ಮುಂದೆ ನೋಡದೆ ಮೇಷ್ಟ್ರ ಹೆಸರು ಹೇಳಿದೆ. ಅವರು ಆಗ ನಿವೃತ್ತರಾಗಿ ಮನೆಯಲ್ಲಿದ್ದರು.

ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಟ್ಟೆಯಲ್ಲಿ ಗಂಟು ಕಟ್ಟಿದ ರೊಟ್ಟಿ ಪಲ್ಯದ ಡಬ್ಬಿ. ಮೊದಲ ದಿನ ಮೌಸ್ ಹಿಡಿಯುವುದನ್ನು ನಾನೇ ತೋರಿಸಿಕೊಟ್ಟೆ. ಬಟನ್ನಿಗೆ ಏನನ್ನಬೇಕು ಎಂಬಲ್ಲಿಂದಲೇ ಅವರ ಯೋಚನೆ ಶುರುವಾಯಿತು. "ಗುಂಡಿ ಅಂತ ಬರೆದ್ರೆ ಹೆಂಗೆ? ಗುಂಡಿ ಅಂದ್ರೆ ಅಂಗಿದೂ ಆತು, ರಸ್ತ್ಯಾಗಿಂದೂ ಆತು. ಗುಂಡಿ ಒತ್ತಿ ಅಂದ್ರೆ ಜನ ಹೆದರ್ತಾರೆ" ಎಂದು ತಾವೇ ನಕ್ಕು, ಬಟನ್ ಎಂದೇ ಇರಲಿ ಎಂದರು. ಅವರಿಗೆ ಇಂಗ್ಲಿಷ್ ಪದದ ಮೇಲೆ ಸಿಟ್ಟಿರಲಿಲ್ಲ. ಒಂದೇ ಪದ ಮತ್ತೆ ಮತ್ತೆ ಬರುವುದೊಂದೇ ಅವರ ಕಣ್ಣಿಗೆ ಚುಚ್ಚುತ್ತಿದ್ದುದು.

ಅವರು ಬರೆದ ಪುಸ್ತಕ ಸೊಗಸಾಗಿತ್ತು. ಆಫೀಸಿನವರೆಲ್ಲ ಓದಿದೆವು. ಕಥೆಯ ಹಾಗೆ ಓದಿಸಿಕೊಳ್ಳುತ್ತದೆ ಎಂದು ಮಾಲೀಕರೂ ಹೊಗಳಿದರು. 'ಒತ್ತಿ' ಎಂದು ಒಂದು ಸಾಲಿನಲ್ಲಿ ಬಂದಿದ್ದರೆ ಮುಂದಿನ ಸಾಲಿನಲ್ಲಿ 'ಅದುಮಿ' ಇರುತ್ತಿತ್ತು, ಅದರ ಕೆಳಗೆ 'ಬೆರಳಿಡಿ'. ಸರದಿಯಲ್ಲಿರುವ ರೋಗಿ ರಕ್ತಪರೀಕ್ಷೆಗೋ ಸ್ಕ್ಯಾನಿಂಗಿಗೋ ಹೋಗಿದ್ದರೆ ಅವರ ಹೆಸರನ್ನು ಸ್ವಲ್ಪ ಹಿಂದಕ್ಕೆ ಹಾಕಲು ಒಂದು ಬಟನ್ ಇತ್ತು. ಪರದೆಯ ಮೇಲೆ ಅದರ ಹೆಸರು 'ಮುಂದೂಡಿ'. ಮೇಷ್ಟ್ರು ಮೊದಲ ಪಾಠದಲ್ಲಿ 'ಹೆಸರನ್ನು ಮುಂದೂಡಿ' ಎಂದೇ ಬರೆದಿದ್ದರು. ಎರಡನೆಯದರಲ್ಲಿ ಅದು 'ಪಕ್ಕಕ್ಕೆ ಸರಿಸಿ' ಆಗಿತ್ತು. ಆಮೇಲೆ 'ತಡೆದಿರಿಸಿ'. ಮತ್ತೊಂದು ಕಡೆ 'ತೆಗೆದಿಡಿ'. ನಾನು ಎಲ್ಲವನ್ನೂ ಓದಿದ್ದೆ. 'ತೆಗೆದಿಡಿ' ಎಂಬುದನ್ನು ಓದುವಾಗ, ಊಟಕ್ಕೆ ಬಾರದವರಿಗೆ ಅಮ್ಮ ರೊಟ್ಟಿ ತೆಗೆದಿಡುತ್ತಿದ್ದುದು ನೆನಪಾಗಿ ಖುಷಿಪಟ್ಟಿದ್ದೆ. ಅದೇ ಪರದೆಯ ಬಲತುದಿಯಲ್ಲಿ, ಬಂದು ವಾಪಸು ಹೋದವರ ಹೆಸರನ್ನು ಪೂರ್ತಿ ಅಳಿಸಿಹಾಕಲು 'ತೆಗೆ' ಎಂಬ ಇನ್ನೊಂದು ಬಟನ್ ಇದ್ದುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಸಾಫ್ಟ್‌ವೇರ್ ಮೊದಲು ಹೋದದ್ದು ಹರಿಹರದ ಒಂದು ನರ್ಸಿಂಗ್ ಹೋಮಿಗೆ. ಅಲ್ಲಿ ಕೌಂಟರಿನಲ್ಲಿ ಕೂರುತ್ತಿದ್ದವರನ್ನು ಡಾಕ್ಟರಿಂದ ಹಿಡಿದು ಔಷಧಿ ಅಂಗಡಿಯವರವರೆಗೆ ಎಲ್ಲರೂ ಅಕ್ಕ ಎನ್ನುವ ಅರ್ಥದಲ್ಲಿ ಆಪಾ ಎಂದೇ ಕರೆಯುತ್ತಿದ್ದರು. ನಡುವಯಸ್ಸಿನ ಹೆಂಗಸು. ಬಹಳ ವರ್ಷ ರಟ್ಟಿನ ಟೋಕನ್ನಿನಲ್ಲೇ ಇಡೀ ಆಸ್ಪತ್ರೆಯನ್ನು ನಡೆಸಿದವರು. ಕಂಪ್ಯೂಟರ್ ಬಂದಾಗ ಅಂಜಿದ್ದರು. ನಾವು ಕೊಟ್ಟ ಪುಸ್ತಕವನ್ನು ಮನೆಗೂ ಒಯ್ದು ಓದಿದ್ದರಂತೆ. ಕಂಪ್ಯೂಟರಿನಲ್ಲಿ ಟೋಕನ್ ಕೊಡಲು ಶುರು ಮಾಡುವ ಮೊದಲ ದಿನವೇ ಹೋಗಿ ನೋಡಿ ಬರೋಣ ಎಂದು ಮೇಷ್ಟ್ರೇ ಒತ್ತಾಯ ಮಾಡಿದರು. ತಾವು ಬರೆದದ್ದನ್ನು ಜನ ಬಳಸುವುದನ್ನು ನೋಡುವ ಆಸೆ ಅವರಿಗೆ. ನಾನು ದಾವಣಗೆರೆಯಿಂದ ಹೋದೆ, ಅವರು ಮನೆಯಿಂದ ನಡೆದು ಬಂದು ಗೇಟಿನ ಬಳಿ ನನಗಾಗಿ ಕಾದಿದ್ದರು. ಅವತ್ತು ಹೊಸ ಅಂಗಿ ತೊಟ್ಟಿದ್ದರು ಅಂತ ಕಾಣುತ್ತದೆ...

ಒಳಗೆ ಕಾಲಿಟ್ಟಾಗಲೇ ಗದ್ದಲ. ಬೆಂಚಿನ ಹತ್ತಿರ ಜನ ಗುಂಪುಗೂಡಿದ್ದರು. ಹತ್ತಿರದ ಸಾರಥಿ ಎಂಬ ಹಳ್ಳಿಯಿಂದ ಬಂದ ಒಬ್ಬ ಬಸುರಿ ಹೆಣ್ಣುಮಗಳು ಕೂತಲ್ಲೇ ಕಣ್ಣುಕತ್ತಲೆ ಬಂದು ವಾಲಿದ್ದಳು. ನರ್ಸುಗಳು ಎತ್ತಿ ಒಳಗೆ ಮಲಗಿಸಿದರು. ಅವಳ ಅತ್ತೆ ಬಾಗಿಲಿಗೆ ಆತು ನಿಂತು, ಸಿಕ್ಕವರಿಗೆಲ್ಲ ಹೇಳುತ್ತಿದ್ದರು: "ಬೆಳಗ್ಗೆ ಖಾಲಿ ಹೊಟ್ಟ್ಯಾಗ ರಕ್ತ ಕೊಟ್ಟು ಬಂದು ಕೂತಾಳ್ರಿ. ಹೆಸರು ಕರೀತಾರೆ, ಎಲ್ಲೂ ಹೋಗಬ್ಯಾಡ ಅಂದೆ. ಚಾ ಕುಡಿಯಾಕೂ ಬಿಡ್ಲಿಲ್ಲ ನಾನು. ನಮ್ಮ ಹಿಂದ ಬಂದೋರೆಲ್ಲ ತೋರಿಸ್ಕೊಂಡು ಹೋದ್ರು."

ಹೆಸರು ಕರೆಯುವ ಹಾಗೇ ಇರಲಿಲ್ಲ. ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಅವತ್ತು ಬೆಳಿಗ್ಗೆ ಪರೀಕ್ಷೆಗೆಂದು ಎದ್ದು ಹೋದ ಯಾರ ಹೆಸರೂ ಉಳಿದಿರಲಿಲ್ಲ.

ಡಾಕ್ಟರು ಹೊರಗೆ ಬಂದವರೇ ಎಲ್ಲರ ಎದುರು ಆಪಾ ಮೇಲೆ ರೇಗಿದರು. ಕಂಪ್ಯೂಟರ್ ಬರದಿದ್ದರೆ ಬರುವುದಿಲ್ಲ ಅನ್ನಬೇಕಿತ್ತು, ನಾಳೆಯಿಂದ ಬೇರೆಯವರನ್ನು ಕೂರಿಸುತ್ತೇನೆ, ಓದಲು ಬರುತ್ತದೆ ಎಂದು ಹೇಳಿದ್ದೆಯಲ್ಲ, ಇದೇನಾ ಓದಿದ್ದು ಎಂದೆಲ್ಲ. ಆಪಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದರು. ಪುಸ್ತಕ ಕೈಯಲ್ಲಿತ್ತು. ಬೆರಳಿಟ್ಟು ಒಂದು ಪುಟ ತೆರೆದು ತೋರಿಸಿದರು.

"ನೋಡ್ರಿ ಸರ್, ಪರೀಕ್ಷೆಗೆ ಹೋದೋರ ಹೆಸರು ತೆಗೆದಿಡಿ ಅಂತ ಇಲ್ಲೇ ಐತೆ. ಅದಕ್ಕ ನಾನು ತೆಗೆ ಒತ್ತಿದೆ. ನಂಗೆ ತಿಳೀಲಿಲ್ಲ. ನಂದೇ ತಪ್ಪು."

ನಾವು ಅವರಿಂದ ಕೈಯಳತೆಯ ದೂರದಲ್ಲಿದ್ದೆವು. ಮೇಷ್ಟ್ರು ಕತ್ತು ಚಾಚಿ ಆ ಪುಟ ನೋಡಿದರು. ತಮ್ಮದೇ ಸಾಲು. ನನಗೂ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಪುಸ್ತಕದ ಮೇಲೆ ನಮ್ಮಿಬ್ಬರ ಹೆಸರೂ ಇರಲಿಲ್ಲ. ಡಾಕ್ಟರು ನಮ್ಮನ್ನು ಇನ್ನೂ ಗಮನಿಸಿರಲಿಲ್ಲ. ಯಾರೋ ರೋಗಿಯ ಕಡೆಯವರು ಅಂದುಕೊಂಡಿದ್ದರೇನೋ. ನಾನು ಮೇಷ್ಟ್ರ ಅಂಗಿಯ ತೋಳನ್ನು ಹಿಡಿದು ಮೆಲ್ಲಗೆ ಜಗ್ಗಿದೆ. "ಸರ್, ಈಗ ಬ್ಯಾಡ. ಆಫೀಸಿಗೆ ಹೋಗಿ ಫೋನ್ ಮಾಡೋಣ ಬರ್ರಿ" ಎಂದು ಪಿಸುಗುಟ್ಟಿದೆ.

ಅವರು ನನ್ನ ಕೈಯನ್ನು ನೋಡಿದರು. ನನ್ನ ಮುಖ ನೋಡಲಿಲ್ಲ, ಕೈಯನ್ನಷ್ಟೇ. ಆಮೇಲೆ ಮುಂದೆ ಹೋದರು.

"ಡಾಕ್ಟರೇ, ಆಯಮ್ಮನ್ನ ಬೈಬ್ಯಾಡ್ರಿ."

"ನೀವ್ಯಾರು?"

"ಆ ಪುಸ್ತಕ ಬರ್ದೋನು ನಾನು. ಅವರು ಸರಿಯಾಗೇ ಓದ್ಯಾರೆ. ಒಂದೇ ಬಟನ್ನಿಗೆ ನಾಕು ಹೆಸರಿಟ್ಟು ಬರ್ದಿದ್ದು ನಾನು. ಓದೋರಿಗೆ ಚಂದ ಕಾಣ್ಲಿ ಅಂತ ಬರ್ದೆ. ಬೈಯೋದಿದ್ರೆ ನನಗ ಬೈರಿ."

ಬೆಂಚಿನ ಕಡೆಯಿಂದ ಯಾರೋ, ಮೇಷ್ಟ್ರನ್ನು ಗುರುತು ಹಿಡಿದವರೇ ಇರಬೇಕು, "ಮೇಷ್ಟ್ರೇ, ಇಲ್ಲೂ ಪದ್ಯ ಬರೆದ್ರೇನ್ರಿ?" ಎಂದರು. ಒಂದಿಬ್ಬರು ನಕ್ಕರು. ಊರಿನಲ್ಲಿ ಅರ್ಧ ಜನ ಅವರ ಕೈಕೆಳಗೆ ಓದಿದವರು, ಇಲ್ಲವೇ ಓದಿದವರ ತಂದೆತಾಯಿಯರು. ಮೇಷ್ಟ್ರು ಆ ನಗೆಯತ್ತ ತಿರುಗಲೂ ಇಲ್ಲ. ನಾನು ನಿಂತ ಜಾಗದಲ್ಲೇ ನಿಂತಿದ್ದೆ. ಅದನ್ನು ಓದಿ ಒಪ್ಪಿದವಳು ನಾನು ಎಂದು ಹೇಳಬೇಕಿತ್ತು...

ಅವರು ಆಪಾ ಕಡೆ ತಿರುಗಿ ಕೈಮುಗಿದರು. ಆಪಾ ಗಾಬರಿಯಾಗಿ, "ಅಯ್ಯೋ, ನೀವು ಹಿರೇರು, ಬ್ಯಾಡ್ರಿ" ಎಂದು ಪುಸ್ತಕದಿಂದಲೇ ಮುಖ ಮರೆ ಮಾಡಿಕೊಂಡರು. ಆಮೇಲೆ ಮೇಷ್ಟ್ರು ಒಳಗೆ ಹೋಗಿ ಸಾರಥಿಯ ಹೆಣ್ಣುಮಗಳ ಹಾಸಿಗೆಯ ಹತ್ತಿರ ಸ್ಟೂಲಿನ ಮೇಲೆ ಕೂತರು. ಗ್ಲೂಕೋಸ್ ಬಾಟಲಿ ಹಚ್ಚಿದ್ದರು, ಅವಳು ಕಣ್ಣು ತೆರೆದಿದ್ದಳು. ಹೆದರುವಂಥದ್ದೇನೂ ಇಲ್ಲ, ಮಗುವೂ ಚೆನ್ನಾಗಿದೆ ಎಂದು ನರ್ಸ್ ಹೇಳಿದ್ದರು. ಮೇಷ್ಟ್ರು ಅವಳ ಅತ್ತೆಗೆ ತಮ್ಮ ತಪ್ಪನ್ನು ಬಿಡಿಸಿ ಬಿಡಿಸಿ ಹೇಳಿದರು. ಆ ತಾಯಿ ಎಲ್ಲವನ್ನೂ ಕೇಳಿಸಿಕೊಂಡು, "ನೀವು ಏನು ಬರ್ದ್ರೋ ನಮಗೇನು ಗೊತ್ತಾಗ್ತೈತ್ರಿ. ಹೊರಗ ಹೋಗಿ ನನ್ನ ಸೊಸಿಗೆ ತಿನ್ನಾಕ ಏನರ ತಂದು ಕೊಡ್ರಿ, ಪುಣ್ಯ ಬರ್ತೈತೆ" ಎಂದರು. ಮೇಷ್ಟ್ರು ತಟ್ಟನೆ ಎದ್ದು ಹೋಗಿ ಬಿಸಿ ಇಡ್ಲಿ ಕಟ್ಟಿಸಿಕೊಂಡು ಬಂದರು. ಬಾಟಲಿ ಮುಗಿಯುವವರೆಗೂ ಅಲ್ಲಿಂದ ಏಳಲಿಲ್ಲ.

ಮನೆ ಅಲ್ಲೇ ಹತ್ತಿರದಲ್ಲಿದ್ದರೂ ಅವರು ಹೋಗಲಿಲ್ಲ, ನನ್ನ ಜೊತೆ ದಾವಣಗೆರೆಯ ಬಸ್ಸು ಹತ್ತಿದರು. ದಾರಿಯಲ್ಲಿ ಬಾತಿ ಎಂಬ ಹಳ್ಳಿ ದಾಟಿದ ಮೇಲೆ, ಕಿಟಕಿಯ ಆಚೆ ನೋಡುತ್ತಲೇ ಹೇಳಿದರು: "ನಿಮ್ಮೆಲ್ಲರ ಕೈಲಿ ಹಂಗೇ ಬರೆಸಿದ್ನಲ್ಲವ್ವ ನಾನು. ಶಾಲ್ಯಾಗ ಅದು ಸರಿ. ಅಲ್ಲಿ ಯಾರೂ ಹಸ್ಕೊಂಡು ಕೂತಿರಲ್ಲ."

ಆಫೀಸಿಗೆ ಬಂದವರೇ ಪುಸ್ತಕದ ಒಂದು ಪ್ರತಿ ಮತ್ತು ಕೆಂಪು ಪೆನ್ನನ್ನು ನನ್ನ ಮುಂದಿಟ್ಟರು. ನಾನು ಪರದೆ ನೋಡಿ ಬಟನ್ನಿನ ಹೆಸರು ಓದುತ್ತೇನೆ, ಪುಸ್ತಕದಲ್ಲಿ ಅದು ಬೇರೆ ಪದವಾಗಿದ್ದಲ್ಲೆಲ್ಲ ನೀನು ಗೆರೆ ಎಳೆ ಎಂದರು. ನನ್ನ ಕೈ ಬರಲಿಲ್ಲ. ನೀವೇ ಎಳೆಯಿರಿ ಸರ್ ಎಂದೆ. "ನಾನು ಬರ್ದಿದ್ದು ನನ್ನ ಕಣ್ಣಿಗೆ ಎಲ್ಲಾ ಸರೀನೇ ಕಾಣ್ತೈತೆ. ನೀನೇ ಎಳಿ" ಎಂದರು. ಎಳೆಯುತ್ತಾ ಹೋದೆ. ಅದುಮಿ, ಬೆರಳಿಡಿ, ಸರಿಸಿ, ತಡೆದಿರಿಸಿ, ತೆಗೆದಿಡಿ... ಪುಟಗಳು ಕೆಂಪಾದವು. ನಡುನಡುವೆ ಅವರು ಬಾಮ್ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂರುವರು. ಆಗ ನಾನೂ ಪೆನ್ನು ಕೆಳಗಿಡುತ್ತಿದ್ದೆ. ಮಾಡುತ್ತಿದ್ದುದು ಸರಿಯಾದ ಕೆಲಸವೇ. ಆದರೂ ನನ್ನ ಮೇಷ್ಟ್ರು ಬರೆದದ್ದರ ಮೇಲೆ ಗೆರೆ ಎಳೆಯುವಾಗ ತಲೆ ಎತ್ತಿ ಅವರನ್ನು ನೋಡಲು ನನ್ನಿಂದಾಗಲಿಲ್ಲ. ಬೆಳಿಗ್ಗೆ ಜಗ್ಗಿದ್ದೂ ಅದೇ ಕೈ.

ಅವತ್ತು ಮತ್ತು ಮುಂದಿನ ಕೆಲವು ದಿನ ಕೂತು ನಾವು ಒಂದು ರೀತಿಗೆ ಬಂದೆವು. ಪರದೆಯ ಮೇಲೆ ಯಾವ ಹೆಸರಿದೆಯೋ ಪುಸ್ತಕದಲ್ಲೂ ಅದೇ, ಅಕ್ಷರ ಬದಲಾಗಬಾರದು. ಒತ್ತಿ ಅಂದರೆ ಕೊನೆಯವರೆಗೂ ಒತ್ತಿ. ಆದರೆ ತಪ್ಪು ಪುಸ್ತಕದ್ದಷ್ಟೇ ಅಲ್ಲ ಎಂಬುದನ್ನೂ ಅವರು ಕಂಡುಹಿಡಿದರು. ಪರದೆಯ ಮೇಲೆ ಒಂದು ಬಟನ್ನು 'ಮುಂದೂಡಿ' ಎಂದು ಮರ್ಯಾದೆಯಿಂದ ಹೇಳಿದರೆ ಇನ್ನೊಂದು 'ತೆಗೆ' ಎಂದು ಏಕವಚನದಲ್ಲಿ ಹೇಳುತ್ತಿತ್ತು. ಬೇರೆ ಬೇರೆ ಹುಡುಗರು ಬೇರೆ ಬೇರೆ ಹೊತ್ತಿನಲ್ಲಿ ಇಟ್ಟ ಹೆಸರುಗಳು. "ಆಪಾ ಅಂಥೋರಿಗೆ ತೆಗೆ ಅನ್ನಾಕ ನಾವ್ಯಾರು?" ಎಂದು ಮೇಷ್ಟ್ರು ಮಾಲೀಕರ ಹತ್ತಿರವೇ ಹೋಗಿ ಕೇಳಿದರು. ಬಟನ್ನು ಹೇಳುವುದೆಲ್ಲ 'ಮುಂದೂಡಿ'ಯ ಹಾಗೆ ಮರ್ಯಾದೆಯ 'ಇ'ಕಾರದಲ್ಲಿ ಮುಗಿಯಬೇಕು ಎಂದಾಯಿತು. 'ತೆಗೆ' ಹೋಗಿ 'ಹೆಸರು ಅಳಿಸಿ' ಬಂತು.

ಆಪಾ ಕೆಲಸ ಉಳಿಯಿತು. ಆದರೆ ಅವರು ಕಂಪ್ಯೂಟರ್ ಮುಟ್ಟಲು ಒಪ್ಪಲಿಲ್ಲ, ಮತ್ತೆ ರಟ್ಟಿನ ಟೋಕನ್ ತೆಗೆದಿದ್ದರು. ಮೇಷ್ಟ್ರು ಬೆಳಿಗ್ಗೆ ಬಸ್ಸು ಹತ್ತುವ ಮೊದಲು ನರ್ಸಿಂಗ್ ಹೋಮಿಗೆ ಹೋಗಿ ಅವರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಕಲಿಸುತ್ತಿರಲಿಲ್ಲವಂತೆ, ಸುಮ್ಮನೆ ಕೂರುತ್ತಿದ್ದರಂತೆ. ಆಪಾ ಒಂದು ಹೆಸರು ಮುಂದೂಡಿದಾಗ, "ಐತೇನ್ರಿ ಇನ್ನೂ?" ಎಂದು ಕೇಳುವರು. "ಐತ್ರೀ ಸರ್, ಕೆಳಗ ಹೋಗೈತೆ" ಎಂದು ಆಪಾ ಹೇಳುವರು. ಇಬ್ಬರಿಗೂ ಧೈರ್ಯ ಬರಲು ಸುಮಾರು ದಿನ ಹಿಡಿಯಿತು. ಹೊಸ ಪುಸ್ತಕವನ್ನು ಯಾರೂ ಹೊಗಳಲಿಲ್ಲ. ಹೊಗಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಒತ್ತಿ, ಒತ್ತಿ, ಒತ್ತಿ ಎಂದು ಪುಟದ ತುಂಬ. ಅವರ ಸ್ನೇಹಿತರೊಬ್ಬರು ಅದನ್ನು ತಿರುವಿ ಹಾಕಿ, ನಿವೃತ್ತಿಯಾದ ಮೇಲೆ ಪದಗಳೂ ನಿವೃತ್ತಿಯಾದವೇನೋ ಎಂದಿದ್ದರಂತೆ. ಅದನ್ನು ನನಗೆ ಹೇಳುವಾಗ ಮೇಷ್ಟ್ರು ನಗಲು ನೋಡಿದರು.

ಆಮೇಲೆ ಅವರ ಕಣ್ಣಿನ ತೊಂದರೆ ಹೆಚ್ಚಿತು, ಆಫೀಸಿಗೆ ಬರುವುದು ನಿಂತಿತು. ಕೊನೆಯ ಸಲ ಮನೆಗೆ ಹೋದಾಗ ಜಗಲಿಯ ಮೇಲೆ ಕೂತಿದ್ದರು. ದನಿಯಿಂದ ಗುರುತು ಹಿಡಿದು "ಕೂಡವ್ವ" ಎಂದರು. ಬಹಳ ದಿನದಿಂದ ಒಳಗೆ ಕುದಿಯುತ್ತಿದ್ದುದನ್ನು ಅವತ್ತು ಹೇಳಿಬಿಟ್ಟೆ. ಆಸ್ಪತ್ರೆಯಲ್ಲಿ ನಿಮ್ಮ ತೋಳು ಜಗ್ಗಿದೆ ಸರ್, ನೀವು ಮುಂದೆ ಹೋದಾಗಲೂ ನಾನು ಬಾಯಿ ಬಿಡಲಿಲ್ಲ ಎಂದೆ. ಏನಾದರೂ ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ.

"ನೀ ಜಗ್ಗೋದಕ್ಕಿಂತ ಮುಂಚೆನೇ ನಾನು ಒಂದು ಹೆಜ್ಜಿ ಹಿಂದಕ್ಕ ಇಟ್ಟಿದ್ದೆ" ಎಂದರು. "ನೀ ನೋಡ್ಲಿಲ್ಲ. ನಿನ್ನ ಕೈ ಬಂತಲ್ಲ ತೋಳಿಗೆ, ಆಗ ಅನ್ನಿಸ್ತು, ನನ್ನ ಹತ್ರ ಕಲ್ತ ಹುಡುಗಿ, ನನ್ನಂಗೇ ಐದಾಳೆ ಅಂತ. ಅದಕ್ಕ ಮುಂದ ಹೋದೆ. ಇಲ್ದಿದ್ರೆ ಹೋಗ್ತಿರಲಿಲ್ಲೇನೋ."

ಅದಾದ ಮೇಲೆ ಅವರನ್ನು ಮತ್ತೆ ನೋಡಲಾಗಲಿಲ್ಲ. ಸುದ್ದಿ ಬಂದ ದಿನ ನಾನು ಬೇರೆ ಊರಿನಲ್ಲಿದ್ದೆ...

ಹೋದ ಭಾನುವಾರ ನಾನು ಹರಿಹರಕ್ಕೆ ಹೊರಟದ್ದು ಅವರ ವರ್ಷದ ಕಾರ್ಯಕ್ಕೆ. ಮನೆ ತುಂಬ ಹಳೆಯ ವಿದ್ಯಾರ್ಥಿಗಳು. ಪೂಜೆ ಮುಗಿದು ಎಲೆ ಹಾಕುವ ಮೊದಲು ಒಬ್ಬೊಬ್ಬರೂ ಅವರ ಪಾಠ, ಅವರ ಕಂಠ, ಅವರ ಭಾಷಣಗಳನ್ನು ನೆನೆದರು. ಅವರ ಹೆಂಡತಿ ನನ್ನ ಕಡೆ ನೋಡಿ, "ನಿಮ್ಮ ಆಫೀಸಿನಾಗ ಏನು ಕೆಲಸ ಮಾಡ್ತಿದ್ರವ್ವ ಇವರು? ನಂಗೊಂದಿನಾನೂ ಸರಿಯಾಗಿ ಹೇಳ್ಲಿಲ್ಲ" ಎಂದರು.

ಕಂಪ್ಯೂಟರಿನ ಬಟನ್ನುಗಳಿಗೆ ಸರಿಯಾದ ಹೆಸರು ಇಡುತ್ತಿದ್ದರು ಎಂದೆ. ಕೆಲವರು ಮುಗುಳ್ನಕ್ಕರು. ಇಷ್ಟಕ್ಕೇ ಬಿಡಬಾರದು ಅನ್ನಿಸಿ ನರ್ಸಿಂಗ್ ಹೋಮಿನ ಆ ದಿನದ ವಿಷಯ ಹೇಳಿದೆ. ಆಪಾ ವಿಷಯ, ಸಾರಥಿಯ ಹೆಣ್ಣುಮಗಳ ವಿಷಯ, ಮೇಷ್ಟ್ರು ಎಲ್ಲರ ಎದುರು ಹೋಗಿ ನಿಂತ ವಿಷಯ. ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಆಗ ನೀ ಎಲ್ಲಿದ್ದೆ?" ಎಂದು ಕೇಳಿದರು. ಸುಮ್ಮನೆ ಕೇಳಿದ್ದು, ಅದರಲ್ಲಿ ಬೇರೆ ಏನೂ ಇರಲಿಲ್ಲ.

"ಅಲ್ಲೇ ಪಕ್ಕದಾಗೇ ಇದ್ದೆನ್ರಿ" ಎಂದೆ. ಅಷ್ಟರಲ್ಲಿ ಊಟಕ್ಕೆ ಏಳಿರಿ ಎಂದು ಒಳಗಿನಿಂದ ಕರೆದರು, ಎಲ್ಲರ ಜೊತೆ ನಾನೂ ಎದ್ದೆ. ಉಳಿದದ್ದನ್ನು ಅಲ್ಲಿ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಓದಿ ನೋಡಲು ಅವರಿಲ್ಲದ ಮೇಲೆ.